ಬೇರೆಯವಳಿಗೆಂದು ಆರಿಸಿದ ಸ್ಕೀ

ಇನ್ನರ್‌ಗ್ರುಂಡ್ ಊರಿನ ಸ್ಕೀ ಅಂಗಡಿಯ ಬಾಗಿಲು ದಾಟಿದರೆ ಮೂರು ಮೆಟ್ಟಿಲು ಇಳಿಯಬೇಕು. ಬಂದವರ ಮುಖ ನೋಡುವ ಮೊದಲು, ಅವರು ಆ ಮೂರು ಮೆಟ್ಟಿಲು ಇಳಿಯುವುದನ್ನು ಅಂಗಡಿಯ ಒಡತಿ ಬುರ್ಗಾ ನೋಡುತ್ತಿದ್ದಳು. ಯಾರ ಮಂಡಿ ಒಳಕ್ಕೆ ಬಾಗುತ್ತದೆ, ಯಾರು ಒಂದೇ ಕಾಲನ್ನು ನೆಚ್ಚಿಕೊಂಡಿದ್ದಾರೆ, ಯಾರ ಹಿಮ್ಮಡಿ ಬೂಟಿನೊಳಗೇ ಎದ್ದೇಳುತ್ತದೆ ಎಂಬುದೆಲ್ಲ ಅವರು ಕೆಳಗೆ ಬಂದು ಬಾಯಿ ತೆರೆಯುವಷ್ಟರಲ್ಲಿ ಅವಳಿಗೆ ತಿಳಿದುಹೋಗಿರುತ್ತಿತ್ತು.

ಆ ಜನವರಿಯಲ್ಲಿ ವಿಯೆನ್ನಾದಿಂದ ಒಬ್ಬ ಹಲ್ಲಿನ ಡಾಕ್ಟರು ಬಂದರು. ಕೈಯಲ್ಲಿ ಅಚ್ಚು ಹಾಕಿಸಿದ ಒಂದು ಪಟ್ಟಿ. ಎಲ್ಲಕ್ಕಿಂತ ಹಗುರವಾದ ಸ್ಕೀ, ಎಲ್ಲಕ್ಕಿಂತ ತೆಳುವಾದ ಬೂಟು, ಬೂಟನ್ನು ಸ್ಕೀಗೆ ಬಿಗಿಯಲು ಸ್ಪರ್ಧೆಗೆ ಹೋಗುವವರು ಹಾಕುವ ಬೈಂಡಿಂಗ್.

"ಇದುವರೆಗೆ ಎಷ್ಟು ಸಲ ಸ್ಕೀ ಹಾಕ್ಕೊಂಡು ಬೆಟ್ಟ ಹತ್ತಿದೀರಿ?" ಬುರ್ಗಾ ಕೇಳಿದಳು.

"ಇದೇ ಮೊದಲು. ಆದ್ರೆ ಈ ವರ್ಷದ ಬೆಸ್ಟ್ ಸಾಮಾನು ಇದೇ ಅಂತ ಬರೆದಿದಾರೆ."

"ಯಾರಿಗೆ ಬೆಸ್ಟು ಅಂತ ಬರೆದಿದಾರಾ?"

ಡಾಕ್ಟರು ಪಟ್ಟಿಯನ್ನು ತಿರುಗಿಸಿ ನೋಡಿದರು. "ಅದು... ಎಲ್ಲರಿಗೂ ಇರ್ಬೇಕು."

"ಹಂಗಾದ್ರೆ ಅವರು ನಿಮ್ಮ ಬಲಮಂಡಿ ನೋಡಿಲ್ಲ. ಕೂತ್ಕೊಳ್ಳಿ."

ಅರ್ಧ ಗಂಟೆಯ ಮೇಲೆ ಡಾಕ್ಟರು ಹೊತ್ತುಕೊಂಡು ಹೋದದ್ದು ಸ್ವಲ್ಪ ಅಗಲದ, ಸ್ವಲ್ಪ ತೂಕದ, ಹೋದ ವರ್ಷದ ಸ್ಕೀ. ಮೀನಖಂಡಕ್ಕೆ ಮೆತ್ತಗೆ ಕೂರುವ ಬೂಟು. "ಹತ್ತುವಾಗ ನನ್ನ ಬೈಕೊಳ್ತೀರಿ. ಇಳಿಯುವಾಗ ಮನಸ್ಸು ಬದಲಾಗುತ್ತೆ," ಎಂದು ಹೇಳಿ ಕಳಿಸಿದಳು. ಮೂರನೆಯ ದಿನ ಅವರು ಒಂದು ಕೇಕು ತಂದುಕೊಟ್ಟು ಹೋದರು.

ಹೀಗೆ ಮೂವತ್ತು ವರ್ಷ ಕಣಿವೆಗೆಲ್ಲ ಸಾಮಾನು ಆರಿಸಿಕೊಟ್ಟ ಬುರ್ಗಾ ತಾನು ಮಾತ್ರ ಒಮ್ಮೆಯೂ ಸ್ಕೀ ಮೇಲೆ ನಿಂತವಳಲ್ಲ. ಹೊಸಬರಿಗೆ ಇದು ಗೊತ್ತಾಗುತ್ತಿರಲಿಲ್ಲ. ಊರಿನವರಿಗೆ ಗೊತ್ತಿತ್ತು, ಗೊತ್ತಿದ್ದದ್ದರಿಂದ ಆ ಮಾತು ಎತ್ತುತ್ತಿರಲಿಲ್ಲ.

ಅವಳಿಗೆ ಒಂಬತ್ತು ವರ್ಷ ಇದ್ದಾಗ ಅಪ್ಪ ರೂಪರ್ಟ್ ಇನ್ನೂ ದನ ಸಾಕುತ್ತಿದ್ದ. ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲಿನಲ್ಲಿ ಕೊಯ್ದ ಹುಲ್ಲನ್ನು ಅಲ್ಲೇ ಮರದ ಕೊಟ್ಟಿಗೆಯಲ್ಲಿ ತುಂಬಿಟ್ಟು, ಹಿಮ ಗಟ್ಟಿಯಾದ ಮೇಲೆ ಜಾರುಗಾಡಿಯ ಮೇಲೆ ಹೇರಿ ಕೆಳಕ್ಕೆ ತರುವುದು ಆಗಿನ ರೂಢಿ. ಅದೊಂದು ದಿನ ಹುಡುಗಿ ಹಟ ಮಾಡಿ ಹುಲ್ಲಿನ ಹೊರೆಯ ಮೇಲೆ ಹತ್ತಿ ಕೂತಳು. ಅಪ್ಪ ಮುಂದೆ ನಿಂತು ಎರಡೂ ಹಿಮ್ಮಡಿಯಿಂದ ಒತ್ತಿ ಗಾಡಿಯನ್ನು ಹಿಡಿದಿದ್ದ. ತಿರುವಿನಲ್ಲಿ ಮಂಜುಗಡ್ಡೆ ಇತ್ತು. ಗಾಡಿ ಮಗುಚಿತು. ಹುಲ್ಲೆಲ್ಲ ಬುರ್ಗಾಳ ಎಡಗಾಲಿನ ಮೇಲೆ.

ಮೂಳೆ ಕೂಡಿಕೊಂಡಿತು, ಕಾಲು ಬೆಳೆಯಲಿಲ್ಲ. ಬಲಗಾಲು ಬೆಳೆದು ನಿಂತಾಗ ಎಡಗಾಲು ಎರಡು ಬೆರಳಿನ ಅಗಲದಷ್ಟು ಗಿಡ್ಡವಿತ್ತು. ಅಪ್ಪ ಎರಡು ವರ್ಷದೊಳಗೆ ದನ ಮಾರಿ, ಮನೆಯ ನೆಲಮಾಳಿಗೆಯಲ್ಲಿ ಸ್ಕೀ ರಿಪೇರಿಗೆ ಕೂತ. ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಎಲ್ಲ ಕಲಿಸಿದ: ಅಂಚು ಮಸೆಯುವುದು, ಮೇಣ ಬಳಿಯುವುದು, ಮರವನ್ನು ಬೆರಳಿನಿಂದ ತಟ್ಟಿ ಒಳಗೆ ಬಿರುಕಿದೆಯೇ ಎಂದು ಕೇಳುವುದು. ಆದರೆ ತಮ್ಮ ಲೋರೆನ್ಸನಿಗೆ ಮೊದಲ ಸ್ಕೀ ಕೊಟ್ಟ ದಿನ ಅವಳು ಆಸೆಯಿಂದ ನೋಡಿದಾಗ ಅಪ್ಪ ಹೇಳಿದ್ದು ಒಂದೇ ಮಾತು: "ನಿನ್ನಿಂದ ಹಿಮ ಒಂದು ಸಲ ತಗೊಂಡಾಯ್ತಲ್ಲ ಮಗಳೇ. ಸಾಕು." ಹಾಗೆ ಹೇಳುವಾಗ ಅವನು ಅವಳ ಕಡೆ ನೋಡುತ್ತಿರಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಅಪ್ಪನಿಗೆ ಇನ್ನಷ್ಟು ನೋವು ಕೊಡುವುದು ಅವಳಿಗೆ ಬೇಕಿರಲಿಲ್ಲ. ಅವನು ಸತ್ತ ಮೇಲೂ ಕೇಳದಿರುವುದೇ ಅಭ್ಯಾಸವಾಗಿ ಉಳಿಯಿತು. ಲೋರೆನ್ಸ್ ಬೆಟ್ಟಕ್ಕೆ ಜನರನ್ನು ಕರೆದೊಯ್ಯುವ ಮಾರ್ಗದರ್ಶಿಯಾದ. ಬುರ್ಗಾ ಅಂಗಡಿ ನೋಡಿಕೊಂಡಳು. ಐವತ್ಮೂರು ವಯಸ್ಸಾಯಿತು.

ಗುರುವಾರ ಮಧ್ಯಾಹ್ನ ಮೂರಕ್ಕೆ ಚಮ್ಮಾರ ಕಸ್ಸಿಯನ್ ಬರುವುದು ವಾಡಿಕೆ. ಊರಿನ ಮೇಲ್ತುದಿಯಲ್ಲಿ ಅವನ ಕೆಲಸದ ಕೋಣೆ. ಕಾಲು ಸೊಟ್ಟಗಿರುವವರು, ಪಾದ ಚಪ್ಪಟೆಯಾದವರು, ಬೆರಳು ಕಳೆದುಕೊಂಡವರು, ಹೀಗೆ ಜಿಲ್ಲೆಯ ಕುಂಟರೆಲ್ಲ ಅವನ ಗಿರಾಕಿಗಳು. ಇಪ್ಪತ್ತೆರಡು ವರ್ಷದ ಹಿಂದೆ ಬುರ್ಗಾಳಿಗೆ ಮೊದಲ ಜೊತೆ ಮಾಡಿಕೊಟ್ಟಿದ್ದ. ಎತ್ತರವನ್ನು ಅರ್ಧ ಒಳಗೆ, ಅರ್ಧ ಹಿಮ್ಮಡಿಯಲ್ಲಿ ಹಂಚಿ, ಕಣ್ಣಿಗೆ ಬೀಳದ ಹಾಗೆ. ಅಂದಿನಿಂದ ಎರಡು ವರ್ಷಕ್ಕೊಂದು ಜೊತೆ. ಅವನಿಗೂ ಮದುವೆಯಿಲ್ಲ. ತಾಯಿಯನ್ನು ಕಡೆಯವರೆಗೆ ನೋಡಿಕೊಂಡು, ಅವಳು ಹೋಗುವಷ್ಟರಲ್ಲಿ ತಲೆ ಬೆಳ್ಳಗಾಗಿತ್ತು. ಗುರುವಾರ ಬಂದವನು ಜೀರಿಗೆ ಹಾಕಿದ ರೈ ರೊಟ್ಟಿ, ಹೊಗೆಯಾಡಿಸಿದ ಹಂದಿಮಾಂಸದ ತುಂಡು ಬಿಚ್ಚುತ್ತಿದ್ದ. ಅವಳು ಚಹಾ ಮಾಡುತ್ತಿದ್ದಳು. ಮಾತು ಹೆಚ್ಚಾಗಿ ಗಿರಾಕಿಗಳ ಪಾದಗಳ ಬಗ್ಗೆ. ಇಬ್ಬರಿಗೂ ಅದೇ ಇಷ್ಟ.

ಆ ಗುರುವಾರ ಕಸ್ಸಿಯನ್ ರೊಟ್ಟಿ ಬಿಚ್ಚಲಿಲ್ಲ.

"ಒಬ್ಬರಿಗೆ ಪೂರ್ತಿ ಸಾಮಾನು ಬೇಕಿತ್ತು," ಎಂದ. "ಬೆಟ್ಟ ಹತ್ತಿ ಇಳಿಯೋದಕ್ಕೆ. ಎಲ್ಲಾ ಮೊದಲಿಂದ."

"ಯಾರಿಗಪ್ಪಾ?"

"ಒಬ್ಬ ಹೆಂಗಸಿಗೆ."

ಬುರ್ಗಾಳ ಕೈಯಲ್ಲಿದ್ದ ಚಹಾದ ಪಾತ್ರೆ ಮೇಜಿನ ಮೇಲೆ ತುಸು ಜೋರಾಗಿಯೇ ಕೂತಿತು. "ಹೆಂಗಸಿಗಾ? ಯಾವೂರು?"

"ಇಲ್ಲೇ, ಈ ಕಣಿವೆ ಕಡೆಯೋಳೇ." ಅವನು ಬೆರಳಿಗಂಟಿದ ಒಣ ಅಂಟನ್ನು ಕಿತ್ತುಕೊಳ್ಳುತ್ತಿದ್ದ.

"ವಯಸ್ಸು?"

"ಐವತ್ತು ದಾಟಿದೆ."

"ಎತ್ತರ?"

ಕಸ್ಸಿಯನ್ ತನ್ನ ಗದ್ದದ ಹತ್ತಿರ ಅಂಗೈ ಅಡ್ಡ ಹಿಡಿದ. "ಇಲ್ಲಿಗೆ ಬರ್ತಾಳೆ."

"ಓಹೋ. ಅಷ್ಟು ಹತ್ತಿರ ನಿಲ್ಲಿಸಿಕೊಂಡು ನೋಡಿದೀಯ ಅನ್ನು."

"ಅಳತೆ ತಗೊಳ್ಳೋನು ದೂರ ನಿಂತ್ರೆ ಆಗುತ್ತಾ?"

"ಕರಕೊಂಡು ಬಾ ಮತ್ತೆ. ಕಾಲು ನೋಡದೆ ನಾನು ಬೂಟು ಕೊಡಲ್ಲ ಅಂತ ಗೊತ್ತಲ್ಲ ನಿನಗೆ."

"ಬರಲ್ಲ ಅವಳು. ಕೇಳಿದ್ರೆ ಆಗಲ್ಲ ಅಂದ್ಬಿಡ್ತಾಳೆ. ಅದಕ್ಕೇ ಇದನ್ನ ತಂದೆ." ಚೀಲದಿಂದ ಅವನು ತೆಗೆದಿಟ್ಟದ್ದು ಒಂದು ಜೊತೆ ಕಾಲಚ್ಚು. ಶೂ ಹೊಲಿಯಲು ಚಮ್ಮಾರರು ಪಾದದ ಅಳತೆಗೆ ಕೆತ್ತಿಟ್ಟುಕೊಳ್ಳುವ ಮರದ ಪಾದಗಳು. ಅಡಿಯಲ್ಲಿ ಹೆಸರು ಬರೆಯುವ ಜಾಗವನ್ನು ಹೊಸದಾಗಿ ಉಜ್ಜಿದ ಗುರುತಿತ್ತು.

ಬುರ್ಗಾ ಬಲದ್ದನ್ನು ನೋಡಿ ಪಕ್ಕಕ್ಕಿಟ್ಟಳು. ಎಡದ್ದನ್ನು ಕೈಗೆತ್ತಿಕೊಂಡವಳು ಬಹಳ ಹೊತ್ತು ಹಿಡಿದೇ ಇದ್ದಳು. ಸಣ್ಣ ಪಾದ. ಹೊರಗಡೆ ಮೂಳೆ ಉಬ್ಬಿದೆ. ನಡುಪಾದ ಎತ್ತರಕ್ಕೆ ಕಮಾನಾಗಿ ಎದ್ದಿದೆ. ಬೆರಳುಗಳು ಚಳಿಗೆ ಒತ್ತಿಕೊಂಡು ಕೂತ ಗುಬ್ಬಚ್ಚಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿವೆ.

"ಪಾಪ," ಎಂದಳು ತನಗೇ ಗೊತ್ತಿಲ್ಲದೆ. "ಏನಾಗಿತ್ತು?"

"ಹಳೇ ಪೆಟ್ಟು."

"ಗಿಡ್ಡ ಇದೆಯಾ?"

"ಎರಡು ಬೆರಳು."

"ನನ್ನ ಹಂಗೇ."

"ಹೂಂ," ಎಂದ ಕಸ್ಸಿಯನ್, ಕಿಟಕಿಯ ಕಡೆ ನೋಡುತ್ತ. "ನಿನ್ನ ಹಂಗೇ."

ಆಗಲೂ ನಿನಗೆ ಹೊಳೆಯಲಿಲ್ಲವೇ ಎಂದು ಊರಿನ ಹೆಂಗಸರು ಆಮೇಲೆ ಅವಳನ್ನು ಎಷ್ಟೋ ಸಲ ಕೇಳಿದ್ದುಂಟು. ಅವಳದು ಒಂದೇ ಉತ್ತರ: "ನನ್ನ ಎಡಗಾಲನ್ನ ನಾನು ಯಾವತ್ತು ನೋಡಿದ್ದೆ? ಬೆಳಿಗ್ಗೆ ಎದ್ದ ಕೂಡಲೇ ಶೂ ಒಳಗೆ ತುರುಕಿ ಮುಚ್ಚಿಬಿಡ್ತಿದ್ದೆ. ಊರವರ ಕಾಲು ಬೇಕಾದ್ರೆ ಕೇಳಿ, ಕಣ್ಣು ಮುಚ್ಚಿ ಹೇಳ್ತೀನಿ."

ಆ ವಾರವೆಲ್ಲ ಅವಳಿಗೆ ಎರಡು ಮನಸ್ಸು. ಇಪ್ಪತ್ತೆರಡು ವರ್ಷ ಎದುರಿಗೇ ಕೂತು ರೊಟ್ಟಿ ತಿಂದವನು, ಹುಡುಕಿಕೊಂಡದ್ದೂ ಹುಡುಕಿಕೊಂಡ, ಇನ್ನೊಬ್ಬ ಕುಂಟಿಯನ್ನೇ! ಸ್ಕೀಗೆ ಬಳಿದ ಮೇಣವನ್ನು ಇಸ್ತ್ರಿಪೆಟ್ಟಿಗೆಯಿಂದ ಕಾಯಿಸುವಾಗ ಈ ಮಾತು ನೆನಪಾಗಿ ಪೆಟ್ಟಿಗೆ ಒಂದೇ ಕಡೆ ನಿಂತು ಹೊಗೆ ಎದ್ದಿತು. ಆದರೆ ಕಪಾಟಿನ ಮೇಲಿಟ್ಟ ಆ ಮರದ ಪಾದ ಕಣ್ಣಿಗೆ ಬಿದ್ದರೆ ಸಿಟ್ಟು ಇಳಿದುಹೋಗುತ್ತಿತ್ತು. ಆ ಹೆಂಗಸಿನ ಮೇಲೆ ಕೋಪ ಮಾಡಬಹುದು. ಆ ಪಾದದ ಮೇಲೆ ಹೇಗೆ ಮಾಡುವುದು?

ಅಂತೂ ಕೆಲಸಕ್ಕೆ ಕೂತಳು. ಮೊದಲು ಬೂಟು. ಒಳಗಿನ ಮೆತ್ತೆಯನ್ನು ಹೊರತೆಗೆದು, ಹೊರಗಿನ ಗಟ್ಟಿ ಚಿಪ್ಪಿನೊಳಗೆ ಮರದ ಪಾದವನ್ನಿಟ್ಟು ಹಿಂದುಗಡೆ ಎಷ್ಟು ಬೆರಳು ಹಿಡಿಯುತ್ತದೆಂದು ನೋಡಿದಳು. ನಾಲ್ಕು ಜೊತೆ ಹಾಗೆ ನೋಡಿ ಐದನೆಯದಕ್ಕೆ ನಿಂತಳು. ಉಬ್ಬಿದ ಮೂಳೆಯ ಜಾಗದಲ್ಲಿ ಚಿಪ್ಪನ್ನು ಕಾಯಿಸಿ ಹೊರಕ್ಕೆ ದಬ್ಬಿದಳು. ಗಿಡ್ಡಕಾಲಿನ ಎತ್ತರವನ್ನೆಲ್ಲ ಬೂಟಿನೊಳಗೆ ತುಂಬಿದರೆ ಹಿಮ್ಮಡಿ ಮೇಲೆದ್ದು ಹಿಡಿತ ತಪ್ಪುತ್ತದೆ. ಆದ್ದರಿಂದ ಸ್ವಲ್ಪ ಒಳಗೆ, ಉಳಿದದ್ದನ್ನು ಎಡ ಸ್ಕೀಯ ಬೈಂಡಿಂಗಿನ ಅಡಿಗೆ ಒಂದು ದಪ್ಪ ತಟ್ಟೆಯಾಗಿ ಕೂರಿಸಿದಳು. ಕಸ್ಸಿಯನ್ ಶೂಗಳಲ್ಲಿ ಮಾಡುತ್ತಿದ್ದ ಉಪಾಯವೇ ಅದು. ಸ್ಕೀ ಗದ್ದದೆತ್ತರಕ್ಕೆ ಮೀರದ್ದು, ತಿರುಗಿಸಲು ಸುಲಭವಾದದ್ದು. ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ಅಂಟಿಸುವ ತುಪ್ಪಳದ ಪಟ್ಟಿಗಳಲ್ಲಿ ನುಣುಪಾಗಿ ಮುಂದೆ ಸರಿಯುವುದನ್ನು ಬಿಟ್ಟು, ಬಿಗಿಯಾಗಿ ಕಚ್ಚುವುದನ್ನು ಆರಿಸಿದಳು. 'ಹೆಜ್ಜೆ ಭಾರವಾದರೆ ಆಗಲಿ. ಒಂದು ಸಲ ಹಿಂದಕ್ಕೆ ಜಾರಿದರೆ ಈ ಹೆಂಗಸು ಮತ್ತೆ ಬೆಟ್ಟದ ಕಡೆ ತಲೆ ಹಾಕುವುದಿಲ್ಲ' ಎಂದು ಲೆಕ್ಕ ಹಾಕಿದಳು.

ಸ್ಕೀ ಮೇಲೆ ನಿಂತು ಊರಿಕೊಳ್ಳುವ ಕೋಲುಗಳಲ್ಲಿ ಮಾತ್ರ ಹೊಟ್ಟೆಕಿಚ್ಚು ಗೆದ್ದಿತು. ನಾಲ್ಕು ವರ್ಷದಿಂದ ಯಾರೂ ಮುಟ್ಟದೆ ಮೂಲೆಯಲ್ಲಿ ನಿಂತಿದ್ದ ಗಿಳಿಹಸಿರು ಬಣ್ಣದ ಜೊತೆಯನ್ನು ಎತ್ತಿಟ್ಟಳು.

ಮುಂದಿನ ಗುರುವಾರ ಕಸ್ಸಿಯನ್ ಬಂದು ಒಂದೊಂದನ್ನೂ ಮುಟ್ಟಿ ನೋಡಿದ. ಕೋಲುಗಳನ್ನು ನೋಡಿ, "ಇದೇನೇ, ಕಪ್ಪೆ ಬಣ್ಣ?" ಎಂದ.

"ಅವಳಿಗೆ ಒಪ್ಪುತ್ತೆ," ಎಂದಳು ಬುರ್ಗಾ. "ಇನ್ನು ಹಿಮಕುಸಿತದ ಸಾಮಾನು ಒಂದು ಬಾಕಿ. ಪೀಪ್ಸರ್, ಚುಚ್ಚಿ ನೋಡೋ ಕಡ್ಡಿ, ಸಲಿಕೆ. ಅವಳ ಜೊತೆ ಯಾರು ಹೋಗೋದು?"

"ನಾನೇ."

"ಬೇರೆ ಯಾರೂ ಇಲ್ವಾ?"

"ಇಲ್ಲ. ಇಬ್ಬರೇ."

ಬುರ್ಗಾ ಕಪಾಟಿಗೆ ಮುಖ ಮಾಡಿ ನಿಂತಳು. ಹಿಮದಡಿ ಹೂತವರು ಎಲ್ಲಿದ್ದಾರೆಂದು ಸಂಕೇತ ಕಳಿಸುವ, ಎದೆಗೆ ಕಟ್ಟಿಕೊಳ್ಳುವ ಪೀಪ್ಸರ್ ಕೊಡುವಾಗ ಅವಳು ಗಿರಾಕಿಗಳಿಗೆಲ್ಲ ಹೇಳುವ ಮಾತೊಂದಿತ್ತು: ಹಿಮದಡಿ ಸಿಕ್ಕಿಕೊಂಡವನ ಸಲಿಕೆ ಅವನ ಉಪಯೋಗಕ್ಕೆ ಬರುವುದಿಲ್ಲ, ಮೇಲೆ ಉಳಿದವನ ಸಲಿಕೆಯೇ ಅವನ ಜೀವ. ಮೂವತ್ತು ವರ್ಷ ಹೇಳಿದ ಆ ಮಾತು ಈಗ ಅವಳ ಎದೆಗೇ ಬಂದು ತಾಕಿತು. ಏನಾದರೂ ಆದರೆ ಆ ಹೆಂಗಸು ಅಗೆಯಬೇಕಾದದ್ದು ಈ ಮನುಷ್ಯನನ್ನು.

ಕೆಳಗಿನ ಗೂಟದಲ್ಲಿ ಹಗುರವಾದ ಸಲಿಕೆಗಳಿದ್ದವು. ಅವಳು ಅದನ್ನು ದಾಟಿ ಮೇಲಿನ ಗೂಟದಿಂದ ಅಗಲ ಬಾಯಿಯ, ಉದ್ದ ಹಿಡಿಯ ಲೋಹದ ಸಲಿಕೆ ತೆಗೆದಳು. ಪೀಪ್ಸರ್ ಅಂಗಡಿಯಲ್ಲೇ ಒಳ್ಳೆಯದು. ಕಡ್ಡಿ ಮೂರು ಮೀಟರಿನದು.

"ಇದನ್ನ ಅವಳಿಗೆ ಕಲಿಸು," ಎಂದಳು. ದನಿ ಸ್ವಲ್ಪ ಒರಟಾಗಿತ್ತು. "ಕೊಟ್ಟು ಸುಮ್ಮನಾಗಬೇಡ. ಹತ್ತು ಸಲ ನಿನ್ನ ಪೀಪ್ಸರ್ ಹುಗಿದು ಹುಡುಕಿಸು. ಅವಳು ಗಡಿಬಿಡಿ ಮಾಡೋಳಾ?"

"ಇಲ್ಲ," ಎಂದ ಕಸ್ಸಿಯನ್. "ಅವಳಷ್ಟು ನಿಧಾನದ ಕೈ ನಾನು ನೋಡಿಲ್ಲ."

"ಹಂಗಾದ್ರೆ ಸರಿ. ಶನಿವಾರ ಕರಕೊಂಡು ಬಾ. ಬೂಟಿನ ಮೆತ್ತೆ ಬಿಸಿ ಮಾಡಿ ಕಾಲಿಗೇ ಕೂರಿಸಬೇಕು, ಅದಕ್ಕೆ ಮರದ ಕಾಲು ಸಾಲದು. ನಾಚಿಕೆ ಗೀಚಿಕೆ ಎಲ್ಲ ಬಿಟ್ಟು ಬಾ ಅನ್ನು. ಇಲ್ಲಿರೋಳೂ ಕುಂಟಿನೇ ಅಂತ ಹೇಳು."

ಶನಿವಾರ ಹನ್ನೊಂದಕ್ಕೆ ಮೆತ್ತೆಗಳನ್ನು ಸಣ್ಣ ಒಲೆಯಲ್ಲಿಟ್ಟು, ಬುರ್ಗಾ ಕೂದಲು ಬಾಚಿ, ಒಳ್ಳೆಯ ಕುಪ್ಪಸ ಹಾಕಿ ಕಾದಳು. ಮೆಟ್ಟಿಲಿಳಿದು ಬಂದವನು ಕಸ್ಸಿಯನ್ ಒಬ್ಬನೇ. ಕ್ಷೌರ ಮಾಡಿಸಿಕೊಂಡಿದ್ದ.

"ಎಲ್ಲಿ ಅವಳು?"

"ಕೂತ್ಕೊ."

"ನಿಂತೇ ಕೇಳ್ತೀನಿ, ಹೇಳು. ಬರಲ್ಲ ಅಂದಳಾ?"

"ಕೂತ್ಕೊ ಬುರ್ಗಾ." ಗಿರಾಕಿಗಳು ಕೂರುವ ಬೆಂಚನ್ನು ತೋರಿಸಿ, ಅವಳು ಕೂತು ಕೆಲಸ ಮಾಡುವ ಗಿಡ್ಡ ಸ್ಟೂಲಿನ ಮೇಲೆ ತಾನು ಕೂತ. ಏನೆಂದು ತಿಳಿಯದೆ ಅವಳು ಕೂತಳು. ಅವನು ಮುಂದೆ ಬಾಗಿ ಅವಳ ಎಡ ಶೂವಿನ ದಾರಕ್ಕೆ ಕೈ ಹಾಕಿದ.

ಅವಳು ಕಾಲನ್ನು ಸೆಳೆದುಕೊಂಡಳು. ಕಪಾಟಿನ ಮೇಲಿದ್ದ ಮರದ ಪಾದದ ಕಡೆ ಅವಳ ಕಣ್ಣು ಹೋಯಿತು, ಅಲ್ಲಿಂದ ಅವನ ಮುಖಕ್ಕೆ, ಅಲ್ಲಿಂದ ಗೋಡೆಗೆ ಒರಗಿದ್ದ ಸ್ಕೀಗಳಿಗೆ. ಮುಖ ಕಿವಿಯವರೆಗೆ ಕೆಂಪೇರಿತು.

"ಯಾರ್ಯಾರಿಗೆ ಗೊತ್ತು?" ಎಂದಳು.

"ಲೋರೆನ್ಸಿಗೆ ಒಬ್ಬನಿಗೆ. ಅಪಾಯ ಇಲ್ಲದ ಜಾಗ ಯಾವುದು ಅಂತ ಅವನನ್ನೇ ಕೇಳಿದ್ದೆ."

"ನಾನು ಒಂಬತ್ತು ದಿನ ಆ ಹೆಂಗಸನ್ನ ನೆನೆಸಿಕೊಂಡು... ನೀನು ಎದುರಿಗೆ ಕೂತು ಚಹಾ ಕುಡೀತಾ ನೋಡ್ತಿದ್ದೆ. ಚೆನ್ನಾಗಿತ್ತಾ ತಮಾಷೆ?"

"ತಮಾಷೆ ಅಲ್ಲ ಕಣೇ. ನಿನಗೇ ಅಂತ ಹೇಳಿದ್ರೆ ನೀನು ಆರಿಸ್ತಿದ್ಯಾ? ಯಾವುದೋ ಹಳೇದನ್ನ ತಗೊಂಡು ಇಷ್ಟು ಸಾಕು ಅಂತಿದ್ದೆ. ಅದೂ ಇಲ್ಲ, ಆಗಲ್ಲ ಅಂತಲೇ ಅಂತಿದ್ದೆ."

ಅದು ನಿಜವಾಗಿತ್ತು, ನಿಜವಾದದ್ದಕ್ಕೇ ಅವಳಿಗೆ ಇನ್ನೂ ಕೋಪ ಬಂತು. "ಹೊರಗೆ ಹೋಗು," ಎಂದಳು.

ಕಸ್ಸಿಯನ್ ಎದ್ದ. ಮೂರು ಮೆಟ್ಟಿಲು ಹತ್ತಿ ಹೋದ.

ಒಲೆಯಲ್ಲಿದ್ದ ಮೆತ್ತೆ ಸೀದುಹೋಗುವ ವಾಸನೆ ಬಂದಾಗ ಅವಳು ಎದ್ದು ಒಲೆ ಆರಿಸಿದಳು. ಬಾಗಿಲಿಗೆ ಅಗಳಿ ಹಾಕಿದಳು. ಶೂ ಬಿಚ್ಚಿದಳು, ಕಾಲುಚೀಲ ತೆಗೆದಳು. ಕಿಟಕಿಯ ಬಿಸಿಲು ಬೀಳುವ ಕಡೆ ನೆಲದ ಮೇಲೆ ಮರದ ಪಾದವನ್ನಿಟ್ಟು ಪಕ್ಕದಲ್ಲಿ ತನ್ನದನ್ನಿಟ್ಟಳು. ಒಂಬತ್ತು ದಿನದ ಹಿಂದೆ ಯಾವ ಪಾದವನ್ನು ಅಂಗೈಯಲ್ಲಿ ಹಿಡಿದು ಪಾಪ ಎಂದಿದ್ದಳೋ ಅದು ಅಲ್ಲಿತ್ತು. ಬಿಳಿಚಿಕೊಂಡು, ನೀಲಿ ನರ ಎದ್ದು, ಬೆಚ್ಚಗೆ. ಹೆಬ್ಬೆರಳನ್ನು ಅಲ್ಲಾಡಿಸಿ ನೋಡಿದಳು. ಆಮೇಲೆ ಬಹಳ ಹೊತ್ತು ಅತ್ತಳು.

ಮೂರು ಗುರುವಾರ ಕಸ್ಸಿಯನ್ ಬರಲಿಲ್ಲ. ಅವಳು ಮೂರು ಗಂಟೆಗೆ ಚಹಾಕ್ಕೆ ನೀರಿಟ್ಟು, ಒಬ್ಬಳಿಗಾಗುವಷ್ಟು ಸುರಿದುಕೊಂಡು ಉಳಿದದ್ದನ್ನು ಚೆಲ್ಲುತ್ತಿದ್ದಳು. ಲೋರೆನ್ಸ್ ಒಂದು ದಿನ ಮೇಣದ ಡಬ್ಬಿ ತೆಗೆದುಕೊಳ್ಳಲು ಬಂದವನು ಮೆಲ್ಲಗೆ ಹೇಳಿದ: "ಅಕ್ಕಾ, ಅಪ್ಪ ನಿನ್ನ ಬೇಡ ಅಂದಿದ್ದು ನೀನು ಕೈಲಾಗದೋಳು ಅಂತ ಅಲ್ಲ. ಅವನಿಗೇ ಧೈರ್ಯ ಇರಲಿಲ್ಲ."

"ನಿನ್ನ ಯಾರು ಕೇಳಿದ್ರೋ?"

"ಯಾರೂ ಕೇಳಿಲ್ಲ. ಅದಕ್ಕೇ ಹೇಳ್ದೆ." ಡಬ್ಬಿ ತೆಗೆದುಕೊಂಡು ಹೋದ.

ಫೆಬ್ರವರಿ ಕೊನೆಗೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಅವಳು ಹೊಸ ಮೆತ್ತೆ ಬಿಸಿ ಮಾಡಿ, ತಾನೇ ಕಾಲಿಗೆ ಕೂರಿಸಿ, ಬೂಟು ಹಾಕಿ, ಕೊಂಡಿ ಬಿಗಿದು ಎದ್ದು ನಿಂತಳು. ಎಡಗಡೆ ಕಿರುಬೆರಳಿನ ಹತ್ತಿರ ಒತ್ತುತ್ತಿತ್ತು. ತೆಗೆದು ಇನ್ನೊಮ್ಮೆ ಹಾಕಿದಳು. ಒತ್ತುತ್ತಲೇ ಇತ್ತು. ತಾನು ಆರಿಸಿದ ಬೂಟು ಒತ್ತುವುದೆಂದರೆ ಅವಳಿಗೆ ಸಹಿಸುವ ಮಾತಲ್ಲ. ಅಂಗಡಿಗೆ ಬೀಗ ಹಾಕಿ, ಬೂಟಿನಲ್ಲೇ, ಹಾಡಹಗಲು ಊರಿನ ಬೀದಿ ಹಿಡಿದು ಮೇಲಕ್ಕೆ ಹೊರಟಳು. ಖಟ್ ಖಟ್ ಎಂದು ಸದ್ದು. ಎದುರಿಗೆ ಬೆಟ್ಟದಿಂದ ಇಳಿದ ಐದಾರು ಜನ ಪ್ರವಾಸಿಗಳು ಅದೇ ಬಗೆಯ ಬೂಟಿನಲ್ಲಿ ಅತ್ತಿತ್ತ ಓಲಾಡುತ್ತ ಬರುತ್ತಿದ್ದರು. ಆ ಬೂಟಿನಲ್ಲಿ ನೆಟ್ಟಗೆ ನಡೆಯುವವರು ಯಾರೂ ಇಲ್ಲ. ಬುರ್ಗಾಳನ್ನು ಯಾರೂ ತಿರುಗಿ ನೋಡಲಿಲ್ಲ. ರೊಟ್ಟಿ ಅಂಗಡಿಯ ಮುದುಕಿಯೊಬ್ಬಳು ಮಾತ್ರ ಕೈಯಲ್ಲಿದ್ದ ಪೊರಕೆ ಬಿಟ್ಟು ನಿಂತಳು.

ಕಸ್ಸಿಯನ್ ಕೋಣೆಯ ಬಾಗಿಲನ್ನು ಬೂಟಿನ ತುದಿಯಿಂದ ತಳ್ಳಿದಳು.

"ನಿನ್ನ ಮರದ ಕಾಲು ಸುಳ್ಳು ಹೇಳಿದೆ," ಎಂದಳು. "ಇಲ್ಲಿ ಒತ್ತುತ್ತೆ."

ಅವನು ಹೊಲಿಯುತ್ತಿದ್ದ ಚರ್ಮವನ್ನು ಕೆಳಗಿಟ್ಟ. ಎದ್ದು ಬಂದು, ಅವಳನ್ನು ಕೂರಿಸಿ, ಕೊಂಡಿ ಬಿಚ್ಚಿ, ಈ ಸಲ ತಡೆಯದ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಬೆರಳಿನಿಂದ ಒತ್ತಿ ನೋಡಿದ.

"ಅಚ್ಚು ಕೆತ್ತಿ ಆರು ವರ್ಷ ಆಯ್ತು," ಎಂದ. "ಕಾಲು ಅಗಲ ಆಗಿದೆ. ನಾನು ನೋಡ್ಕೋಬೇಕಿತ್ತು."

"ಆರು ವರ್ಷದಿಂದ ನನ್ನ ಶೂನೂ ಒತ್ತುತ್ತಿದೆ."

"ಹೇಳಬಾರದಿತ್ತಾ?"

"ನೀನು ಬೇಜಾರು ಮಾಡ್ಕೊಳ್ತೀಯ ಅಂತ."

ಕಸ್ಸಿಯನ್ ತಲೆ ಎತ್ತಿ ಅವಳನ್ನು ನೋಡಿದ. ಇಬ್ಬರಿಗೂ ಒಟ್ಟಿಗೆ ನಗು ಬಂತು. ನಗುತ್ತಲೇ ಅವನು ಕಾಗದ ಹಾಸಿ ಪಾದದ ಸುತ್ತ ಸೀಸದ ಕಡ್ಡಿ ಎಳೆದ.

ಲೋರೆನ್ಸ್ ಹೇಳಿದ ಜಾಗ ಊರ ಹಿಂದಿನ ಇಳಿಜಾರು ಹುಲ್ಲುಗಾವಲು; ಹಿಮ ಕುಸಿಯುವಷ್ಟು ಕಡಿದಲ್ಲ. ಮೊದಲು ಎರಡು ದಿನ ಅಂಗಡಿಯ ಹಿತ್ತಲಲ್ಲಿ ಕಸ್ಸಿಯನ್ ತನ್ನ ಪೀಪ್ಸರನ್ನು ಹಿಮದಲ್ಲಿ ಹುಗಿದ, ಅವಳು ಹುಡುಕಿದಳು. ಹತ್ತು ಸಲ ಎಂದಿದ್ದವಳು ಹದಿನೈದು ಸಲ ಹುಡುಕಿದಳು. ಮಾರ್ಚ್ ಮೊದಲ ವಾರ, ಬೆಳಿಗ್ಗೆ ಎಂಟಕ್ಕೆ ಹೊರಟರು.

ಹತ್ತುವುದು ಅವಳು ಎಣಿಸಿದ ಹಾಗೆ ಇರಲಿಲ್ಲ. ಎಷ್ಟೋ ಜನರಿಗೆ 'ಕಾಲು ಎತ್ತಬೇಡಿ, ಜಾರಿಸಿ' ಎಂದು ಹೇಳಿಕೊಟ್ಟವಳು ತಾನೇ ಎತ್ತಿ ಎತ್ತಿ ಇಡುತ್ತಿದ್ದಳು. ನೂರು ಹೆಜ್ಜೆಗೆ ಉಸಿರು ಹೋಯಿತು. ಕಡಿದಾದಲ್ಲಿ ಹಿಮ್ಮಡಿಯ ಕೆಳಗೆ ಆನಿಕೆಯಾಗಿ ಎತ್ತಿಕೊಳ್ಳುವ ಕೀಲನ್ನು ಪೂರ್ತಿ ಎತ್ತಿ ಎಂದು ಗಿರಾಕಿಗಳಿಗೆ ಹೇಳುತ್ತಿದ್ದವಳು, ಹಾಗೆ ಎತ್ತಿದಾಗ ತೊಡೆ ಹೇಗೆ ಉರಿಯುತ್ತದೆಂದು ಈಗ ಕಂಡುಕೊಂಡಳು.

"ಮೂವತ್ತು ವರ್ಷ ಸುಳ್ಳು ಹೇಳಿದೀನಿ ಕಣೋ," ಎಂದಳು ಏದುಸಿರಿನಲ್ಲಿ. "ಒಬ್ಬರಾದ್ರೂ ವಾಪಸ್ ಬಂದು ಹೇಳಬಾರದಿತ್ತಾ?"

"ನಿನಗೆ ಎದುರು ಹೇಳೋ ಧೈರ್ಯ ಯಾರಿಗಿದೆ?"

ಕಸ್ಸಿಯನ್ ಅವಳ ಹಿಂದೆಯೇ ಇದ್ದ. ಒಮ್ಮೆಯೂ ಕೈ ಚಾಚಲಿಲ್ಲ. ಅವಳು ನಿಂತರೆ ನಿಂತ, ನಡೆದರೆ ನಡೆದ. ಗಿಳಿಹಸಿರು ಕೋಲುಗಳನ್ನು ಊರಿಕೊಂಡು ಅವಳು ಮೇಲಿನ ಹುಲ್ಲು ಕೊಟ್ಟಿಗೆ ಮುಟ್ಟುವಾಗ ಹನ್ನೊಂದು ದಾಟಿತ್ತು. ಲೋರೆನ್ಸ್ ಆಗಿದ್ದರೆ ಮುಕ್ಕಾಲು ಗಂಟೆಯ ದಾರಿ.

ಕೊಟ್ಟಿಗೆಯ ಗೋಡೆಗೆ ಒರಗಿ ಕೂತರು. ಬಿಸಿಲಿಗೆ ಕಪ್ಪಾದ ಹಳೆಯ ಮರದಿಂದ ಇನ್ನೂ ಹುಲ್ಲಿನ ವಾಸನೆ ಬರುತ್ತಿತ್ತು. ಅಪ್ಪನ ಗಾಡಿ ಹೊರಟದ್ದು ಇಲ್ಲಿಂದಲೇ. ಬುರ್ಗಾ ಆ ತಿರುವನ್ನು ಹುಡುಕಿದಳು. ಎಲ್ಲ ಒಂದೇ ಸಮ ಬಿಳುಪು. ಯಾವ ತಿರುವು ಎಂದು ಗೊತ್ತಾಗಲಿಲ್ಲ. ಆ ದಿನ ಅಪ್ಪ ತನ್ನನ್ನು ಹೊತ್ತುಕೊಂಡು ಇಷ್ಟು ದೂರ ಓಡಿ ಇಳಿದಿದ್ದನಲ್ಲ ಎಂಬುದು ಮಾತ್ರ ಆ ಎತ್ತರದಿಂದ ನೋಡಿದಾಗ ಮೊದಲ ಬಾರಿ ತಿಳಿಯಿತು. ಮಂಜುಗಡ್ಡೆಗಟ್ಟಿದ ದಾರಿಯಲ್ಲಿ, ಒಬ್ಬನೇ. ಅವಳು ಅದನ್ನು ಕಸ್ಸಿಯನ್ನನಿಗೆ ಹೇಳಿದಳು. ಅವನು ರೊಟ್ಟಿ ಮುರಿದು ದೊಡ್ಡ ಚೂರನ್ನು ಅವಳ ಕೈಗಿಟ್ಟ.

ಇಳಿಯುವಾಗ ಒಂಬತ್ತು ಸಲ ಬಿದ್ದಳು. ಪ್ರತಿ ಸಲವೂ ಅವನು ಸ್ವಲ್ಪ ಕೆಳಗೆ ನಿಂತು ಕಾದ. ಹತ್ತನೆಯ ಸಲ ಬೀಳದೆ ಎಡಕ್ಕೊಂದು, ಬಲಕ್ಕೊಂದು ತಿರುವು ಹೊಡೆದಾಗ ಅವಳ ಬಾಯಿಂದ ಹೊರಟ ಕೂಗು ಊರಿನವರೆಗೆ ಕೇಳಿಸಿತಂತೆ. ಎಡಗಾಲಿನ ಕೆಳಗಿದ್ದ ತಟ್ಟೆ ಸರಿಯಾಗಿತ್ತು. ಬೂಟು ಸರಿಯಾಗಿತ್ತು. ತುಪ್ಪಳದ ಪಟ್ಟಿ ಹತ್ತುವಾಗ ಒಮ್ಮೆಯೂ ಜಾರಿರಲಿಲ್ಲ.

"ಆರಿಸಿದೋಳು ಗಟ್ಟಿಗಿತ್ತಿ," ಎಂದ ಕಸ್ಸಿಯನ್.

"ಗೊತ್ತು," ಎಂದಳು ಬುರ್ಗಾ, ಹುಬ್ಬಿನ ಹಿಮ ಒರೆಸಿಕೊಳ್ಳುತ್ತ.

ಅವರು ಮದುವೆಯಾಗಲಿಲ್ಲ. ಪಾದ್ರಿ ಒಂದೆರಡು ಸಲ ಮಾತೆತ್ತಿ ಸುಮ್ಮನಾದರು. ಬೇಸಿಗೆಯಲ್ಲಿ ಕಸ್ಸಿಯನ್ ತನ್ನ ಹೊಲಿಗೆ ಯಂತ್ರವನ್ನೂ ಅಚ್ಚುಗಳ ಕಪಾಟನ್ನೂ ಅವಳ ಅಂಗಡಿಯ ಹಿಂಭಾಗಕ್ಕೆ ತಂದ. ಮಲಗಲು ತನ್ನ ಮನೆಗೇ ಹೋಗುತ್ತಿದ್ದ. ಎಷ್ಟು ದಿನ ಹೋಗುತ್ತಿದ್ದ, ಎಷ್ಟು ದಿನ ಇಲ್ಲ ಎಂಬುದನ್ನು ರೊಟ್ಟಿ ಅಂಗಡಿಯ ಮುದುಕಿಯೊಬ್ಬಳೇ ಬಲ್ಲಳು. ಕಾಲಿನಲ್ಲಿ ತೊಂದರೆಯಿರುವವರು ಈಗ ದೂರದ ಲಿಯೆಂಟ್ಸ್ ಪಟ್ಟಣದಿಂದಲೂ ಸ್ಕೀ ಕೇಳಿಕೊಂಡು ಬರತೊಡಗಿದರು. ಒಬ್ಬರು ಅಳತೆ ತೆಗೆದರೆ ಇನ್ನೊಬ್ಬರು ಆರಿಸುತ್ತಿದ್ದರು.

ಮರುವರ್ಷ ಫೆಬ್ರವರಿಯಲ್ಲಿ ಅವರಿಬ್ಬರೂ ಲೋರೆನ್ಸನ ಹಿಂದೆ ಹೊರಟು ಎರಡು ಸಾವಿರದ ಮುನ್ನೂರು ಮೀಟರ್ ಎತ್ತರದಲ್ಲಿ ಎರಡು ಶಿಖರಗಳ ನಡುವಿನ ಘಟ್ಟಕ್ಕೆ ಹತ್ತಿದರು. ಐದು ಗಂಟೆ ಹಿಡಿಯಿತು. ಮೇಲೆ ಗಾಳಿ ಕಿವಿ ಹರಿದುಹೋಗುವ ಹಾಗೆ ಬೀಸುತ್ತಿತ್ತು. ಆಚೆ ಬದಿಯ ಕಣಿವೆ, ಅದರಾಚೆ ಇನ್ನೊಂದು ಸಾಲು, ಅದರಾಚೆ ಇಟಲಿಯ ಬೆಟ್ಟಗಳು; ಬುರ್ಗಾ ಅಂಗಡಿಯ ಗೋಡೆಯ ನಕ್ಷೆಯಲ್ಲಿ ಅವುಗಳ ಹೆಸರನ್ನೆಲ್ಲ ಓದಿದ್ದಳು, ಒಂದನ್ನೂ ನೋಡಿರಲಿಲ್ಲ. ಲೋರೆನ್ಸ್ ಕೈ ತೋರಿಸಿ ಹೇಳುತ್ತ ಹೋದ, ಅವಳು ಅವನಿಗಿಂತ ಮೊದಲೇ ಹೆಸರು ಹೇಳುತ್ತ ಹೋದಳು.

ಕಸ್ಸಿಯನ್ ಸ್ಕೀ ಅಡಿಯಿಂದ ತುಪ್ಪಳದ ಪಟ್ಟಿಗಳನ್ನು ಕಿತ್ತು ಮಡಚಲು ಒದ್ದಾಡುತ್ತಿದ್ದ. ಚರ್ಮ ಹೊಲಿದು ಹೊಲಿದು ಗಂಟುಕಟ್ಟಿದ ಅವನ ಬೆರಳುಗಳು ಚಳಿಗೆ ಮರಗಟ್ಟಿದ್ದವು. "ತಾ ಇಲ್ಲಿ," ಎಂದು ಅವಳು ಅವನ್ನು ಕಸಿದುಕೊಂಡು, ಅಂಟಿಗೆ ಅಂಟು ಸೇರಿಸಿ ಮಡಚಿ, ತನ್ನವುಗಳ ಜೊತೆಗೆ ಕೋಟಿನ ಒಳಗೆ ಎದೆಯ ಹತ್ತಿರ ಸೇರಿಸಿ ಗುಂಡಿ ಹಾಕಿಕೊಂಡಳು. ಅಂಟು ತಣ್ಣಗಾದರೆ ಮತ್ತೆ ಹಿಡಿಯುವುದಿಲ್ಲ. ಆಮೇಲೆ ಅವನ ಕೈಗಳನ್ನೂ ತೆಗೆದುಕೊಂಡು ತನ್ನ ಕೈಗವಸಿನ ನಡುವೆ ಉಜ್ಜತೊಡಗಿದಳು. ಲೋರೆನ್ಸ್ ಬೆನ್ನು ತಿರುಗಿಸಿ, ಇಳಿಯುವ ದಾರಿಯನ್ನು ಸಾಕಷ್ಟು ಹೊತ್ತು ಪರೀಕ್ಷಿಸುತ್ತ ನಿಂತ.